ಉತ್ತರ ಬರುವ ಮೊದಲೇ ಕ್ಯಾಮೆರಾ ಕಿತ್ತವರಿಗೆ

ಬ್ರಾಡ್‌ಬ್ಯಾಂಡ್ ವಿಸ್ತರಣಾ ನಿಧಿಯ ಪುಣೆ ವಿಭಾಗದ ಮುಖ್ಯಾಧಿಕಾರಿಗಳೇ,

ನಿಮ್ಮ ಇಲಾಖೆ ನನ್ನ ಕಾಕಾನ ಮಗಳು ಶೀತಲಳ ಮಾತನ್ನು ನಡುವೆಯೇ ಕಡಿದು ಹಾಕಿದೆ. ಅವಳು ತನ್ನನ್ನು ಮದುವೆಯಾಗಬೇಕಿರುವ ಹುಡುಗನಿಗೆ ಒಂದು ಪ್ರಶ್ನೆ ಕೇಳಿದ್ದಳು. ಅವನು ಉತ್ತರ ಕೊಡಲು ಕೈ ಎತ್ತಿದ್ದ. ಅಷ್ಟರಲ್ಲಿ ನಿಮ್ಮ ತಪಾಸಣಾಧಿಕಾರಿ ಕ್ಯಾಮೆರಾದ ತಂತಿ ಕಿತ್ತರು. ಆ ಉತ್ತರ ಇವತ್ತಿಗೂ ಬಂದಿಲ್ಲ. ಮುಂದಿನ ತಿಂಗಳ ದೀಪಾವಳಿಯೊಳಗೆ ಅವಳು ಒಪ್ಪಿಗೆ ಹೇಳದಿದ್ದರೆ ಸಂಬಂಧ ಮುರಿಯುತ್ತದೆ. ಉತ್ತರ ತಿಳಿಯದೆ ಒಪ್ಪಿದರೆ, ನಾಳೆ ತನಗೆ ಹುಟ್ಟುವ ಮಗು ತನ್ನ ಮಡಿಲಲ್ಲಿ ಬೆಳೆಯುತ್ತದೋ ಇಲ್ಲವೋ ಎಂಬುದೇ ಗೊತ್ತಿಲ್ಲದೆ ಅವಳು ಆ ಮನೆಯ ಹೊಸ್ತಿಲು ತುಳಿಯಬೇಕು. ಇದಕ್ಕೂ ಬ್ರಾಡ್‌ಬ್ಯಾಂಡಿಗೂ ಏನು ಸಂಬಂಧ ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಇದ್ದದ್ದು ಅದೊಂದೇ ಸಂಬಂಧ, ಸ್ವಾಮಿ.

ಈ ಪತ್ರ ಕನ್ನಡದಲ್ಲಿದೆ, ನೀವು ಓದಲಾರಿರಿ ಎಂಬುದು ಗೊತ್ತಿದೆ. ಮೊದಲು ಮರಾಠಿಯಲ್ಲಿ ಬರೆದೆ. ಆಮೇಲೆ ಇಂಗ್ಲಿಷಿನಲ್ಲಿ ಬರೆದೆ. ನಿಮ್ಮ ಕಚೇರಿಯಿಂದ ಬಂದ ಮಾರುತ್ತರದಲ್ಲಿ ‘ದೂರನ್ನು ಪರಿಶೀಲಿಸಲಾಗಿದೆ, ಕೇಂದ್ರದಲ್ಲಿ ಇಂಟರ್‌ನೆಟ್ ವೇಗ ಸಮಾಧಾನಕರವಾಗಿದೆ’ ಎಂದಿತ್ತು. ನಾನು ವೇಗದ ಬಗ್ಗೆ ದೂರಿರಲೇ ಇಲ್ಲ. ಓದದೆ ಉತ್ತರ ಕೊಡುವವರಿಗೆ ಯಾವ ಭಾಷೆಯಾದರೇನು ಎಂದುಕೊಂಡು, ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಇದನ್ನು ನಿಮಗಿಂತ ಮೊದಲು ಕೊಂಢವಾದ, ಖಡಕಿಯ, ಕಾತ್ರಜದ ಕನ್ನಡದವರು ಓದುತ್ತಾರೆ. ಅವರಲ್ಲಿ ಯಾರಾದರೊಬ್ಬರು ನಿಮ್ಮ ಕಚೇರಿಯಲ್ಲಿ ಗುಮಾಸ್ತರಾಗಿದ್ದಾರು. ಚಹಾದ ಹೊತ್ತಿನಲ್ಲಿ ನಿಮ್ಮ ಕಿವಿಗೆ ಹಾಕಿಯಾರು.

ಶೀತಲಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಕೊಂಢವಾದ ಅರ್ಧ ಹೆಂಗಸರ ಕುಪ್ಪಸ, ಮಕ್ಕಳ ಶಾಲೆಯ ಯೂನಿಫಾರ್ಮು ಅವಳ ಯಂತ್ರದಡಿ ಹಾದು ಹೋಗಿವೆ. ಅವಳು ಓದಿದ ಕಿವುಡ ಮಕ್ಕಳ ಶಾಲೆ ಮರಾಠಿಯದು. ಅಲ್ಲಿ ತರಗತಿಯೊಳಗೆ ಕೈ ಆಡಿಸಿದರೆ ಬೆರಳ ಗಂಟಿನ ಮೇಲೆ ಫೂಟುಪಟ್ಟಿಯ ಏಟು ಬೀಳುತ್ತಿತ್ತು. ತುಟಿ ನೋಡಿ ಕಲಿಯಬೇಕು, ಬಾಯಿಂದ ಮಾತಾಡಬೇಕು. ಕೈಮಾತನ್ನು ಅವಳು ಕಲಿತದ್ದು ಶಾಲೆಯ ಅಂಗಳದಲ್ಲಿ, ನೀರಿನ ನಲ್ಲಿಯ ಹತ್ತಿರ, ಉಳಿದ ಮಕ್ಕಳಿಂದ. ನಾನು ಕಲಿತದ್ದು ಅವಳಿಂದ. ನಾಲ್ಕು ಜನ ಸೇರಿದ ಕಡೆ ನನಗೆ ಬಾಯಿಯೇ ಬರುವುದಿಲ್ಲ. ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದೇನೆಂದರೆ ನಂಬುವವರು ಕಡಿಮೆ. ಆದರೆ ಶೀತಲಳ ಜೊತೆ ಕೈಯಲ್ಲಿ ಮಾತಾಡುವಾಗ ನನಗೆ ಯಾವತ್ತೂ ಶಬ್ದದ ಕೊರತೆ ಆದದ್ದಿಲ್ಲ.

ಅವಳ ತಂದೆ ಫಕೀರಪ್ಪ ಕಾಕಾ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಮಗಳ ಮೇಲೆ ಪ್ರಾಣ. ಆದರೂ ಇಷ್ಟು ವರ್ಷಗಳಲ್ಲಿ ಅವರು ಕಲಿತ ಕೈಮಾತು ಬಾ, ಹೋಗು, ಉಣ್ಣು, ಬ್ಯಾಡ, ಇಷ್ಟೇ. ಎಲ್ಲವೂ ಅಪ್ಪಣೆಗಳು. ಅವಳ ತಾಯಿ, ಕಾಕು ರುದ್ರವ್ವ, ಇನ್ನೊಂದಿಷ್ಟು ಬಲ್ಲಳು, ಅಡಿಗೆಮನೆಯ ಮಟ್ಟಿಗೆ.

ಬೇಸಿಗೆಯಲ್ಲಿ ನಮ್ಮ ನೆಂಟರಲ್ಲೊಬ್ಬರು, ಶಿವಪುತ್ರಪ್ಪನವರು, ಒಂದು ಸಂಬಂಧ ತಂದರು. ಹುಡುಗ ಅಮರ, ಬಿಜಾಪುರ ಜಿಲ್ಲೆಯ ಇಂಡಿಯವನು. ಫೋಟೋ ಸ್ಟುಡಿಯೋದಲ್ಲಿ ಕೆಲಸ. ಅವನಿಗೂ ಕಿವಿ ಕೇಳಿಸುವುದಿಲ್ಲ. ಬೀಗರು ಬಂದರು, ಶಿರಾ ತಿಂದರು, ಚಹಾ ಕುಡಿದರು, ಮಾತಾಡಿದರು. ಎಷ್ಟು ಮಾತಾಡಿದರು! ಮಳೆ, ಬೆಲ್ಲದ ದರ, ಸೊಲ್ಲಾಪುರದ ರಸ್ತೆ, ಯಾರ ಮಗನಿಗೆ ಯಾರ ಮಗಳು. ಮದುವೆಯಾಗಬೇಕಾದ ಇಬ್ಬರು ಮಾತ್ರ ಎದುರುಬದುರು ಸುಮ್ಮನೆ ಕೂತಿದ್ದರು. ಬೀಗರು ಬರುವ ಮೊದಲೇ ಕಾಕಾ ಮಗಳಿಗೆ ತಾಕೀತು ಮಾಡಿದ್ದರು.

‘ಮಂದಿ ಮುಂದ ಕೈ ಆಡಸಬ್ಯಾಡ ಅಂತ ಹೇಳು ರಂಜೂ ಆಕೀಗೆ. ಚಂದ ಕಾಣೂದಿಲ್ಲ.’

ನಾನು ಅದನ್ನೂ ಕೈಯಲ್ಲೇ ಹೇಳಬೇಕಾಯಿತು.

ಹುಡುಗನ ಕಡೆಯೂ ಅದೇ ತಾಕೀತು ಆಗಿರಬೇಕು. ಅವನ ಕೈಗಳು ಮೊಣಕಾಲ ಮೇಲೆ ಫೋಟೋಗೆ ಕೂತವರ ಹಾಗೆ ಇದ್ದವು. ಕೊನೆಗೆ ತಟ್ಟೆ ಎತ್ತುವ ಗದ್ದಲದಲ್ಲಿ ಅವನು ಬಲಗೈಯ ಎರಡು ಬೆರಳನ್ನಷ್ಟೇ ಸ್ವಲ್ಪ ಎತ್ತಿ ಏನೋ ಕೇಳಿದ. ಶೀತಲಳಿಗೆ ಅರ್ಥವಾಗಲಿಲ್ಲ. ಅವನು ಕಲಿತ ಅಂಗಳ ಬೇರೆ, ಇವಳು ಕಲಿತ ಅಂಗಳ ಬೇರೆ. ಆದರೂ ಅವಳು ನಕ್ಕಳು. ಅವನೂ ನಕ್ಕ. ಶಿವಪುತ್ರಪ್ಪನವರು ಇದನ್ನು ಕಂಡು ‘ಮುಗೀತ್ರಿ, ಹುಡುಗ ಹುಡುಗಿ ಒಪ್ಪಿದಂಗ’ ಎಂದು ಘೋಷಿಸಿದರು.

ಈಗ ನಿಮ್ಮ ಪ್ರವೇಶ.

ನಿಮ್ಮ ನಿಧಿಯ ಅನುದಾನದಿಂದ, ಮುಖ್ಯ ರಸ್ತೆಯಲ್ಲಿರುವ ನಮ್ಮ ಸಂಘದ ಕೆಳಗಿನ ಖೋಲಿಯಲ್ಲಿ ಇಂಟರ್‌ನೆಟ್ ಕೇಂದ್ರ ತೆರೆದಿತ್ತು. ಅಲ್ಲಿಯವರೆಗೆ ನಮ್ಮ ಓಣಿಗೆ ಈ ಭಾಗ್ಯ ಇರಲಿಲ್ಲ. ನಾವು ಮನೆಗೆ ಲೈನು ಕೇಳಿದಾಗ ಟೆಲಿಫೋನಿನವರು ‘ನಾಟ್ ಫೀಜಿಬಲ್’ ಎಂದು ಷರಾ ಬರೆದು ಕಳಿಸಿದ್ದರು. ಎಕ್ಸ್‌ಚೇಂಜಿನಿಂದ ನಮ್ಮ ಗುಡ್ಡದ ಬದಿ ದೂರವಾಗುತ್ತದಂತೆ. ಹಾಗಾದರೆ ಲೈನಿಲ್ಲದ ಪ್ರದೇಶದ ಮನೆಗಳಿಗೆ ಲೈನು ಎಳೆಯಲು ನಿಮ್ಮ ನಿಧಿ ಕೊಡುವ ನೆರವು ನಮಗೆ ಸಿಗಬೇಕಲ್ಲ? ಸಿಗುವುದಿಲ್ಲ, ಏಕೆಂದರೆ ನಾವು ಪುಣೆಯಲ್ಲಿದ್ದೇವೆ. ಪುಣೆಯಲ್ಲಿ ಎಲ್ಲರಿಗೂ ಬ್ರಾಡ್‌ಬ್ಯಾಂಡ್ ಇದೆ ಎಂದು ನಿಮ್ಮ ನಕಾಶೆ ಹೇಳುತ್ತದೆ. ಬೇಕಾದರೆ ಬಂದು ನೋಡಿ. ಮುಖ್ಯ ರಸ್ತೆಯ ಎತ್ತರದ ಕಟ್ಟಡಗಳಿಗೆ ಬಂದ ತಂತಿ ನಮ್ಮ ಓಣಿಯ ಬಾಯಲ್ಲಿ, ಪಂಚರ್ ಅಂಗಡಿಯ ಪಕ್ಕದ ಕಂಬದಲ್ಲಿ ಸುರುಳಿಯಾಗಿ ನೇತಾಡುತ್ತಿದೆ. ನಕಾಶೆಯ ಮೇಲೆ ನಾವು ಬಣ್ಣ ತುಂಬಿದ ಜಾಗ. ಇತ್ತ ಇಂಡಿಯಲ್ಲಿ ನಿಮ್ಮದೇ ನಿಧಿಯ ಹಣದಲ್ಲಿ ಎಳೆದ ಲೈನು ಅಮರನ ಸ್ಟುಡಿಯೋವರೆಗೆ ಹೋಗಿದೆ, ಚೆನ್ನಾಗಿ ನಡೆಯುತ್ತಿದೆ. ಅದಕ್ಕೆ ನಿಮಗೆ ಧನ್ಯವಾದ. ವ್ಯಂಗ್ಯವಲ್ಲ, ನಿಜವಾದ ಧನ್ಯವಾದ. ಈ ಪತ್ರದಲ್ಲಿ ಇನ್ನೊಮ್ಮೆ ಬರಲಾರದು.

ಸಂಘದ ಕೇಂದ್ರ ನೋಡಿಕೊಳ್ಳುವವರು ಮುರುಗೆಪ್ಪನವರು. ನೀವು ಕಳಿಸಿದ ಯಂತ್ರಗಳ ಜೊತೆ ಒಂದು ಪುಟ್ಟ ಕ್ಯಾಮೆರಾ ಬಂದಿತ್ತು. ಏನು ಮಾಡುವುದು ತಿಳಿಯದೆ ಅವರು ಅದನ್ನು ಡಬ್ಬಿಯಲ್ಲೇ ಇಟ್ಟಿದ್ದರು. ಅದನ್ನು ಹೊರಗೆ ತೆಗೆಸಿದವಳು ನಾನು. ಕೇಂದ್ರದ ಗೋಡೆಯ ಮೇಲೆ ನೀವೇ ಹಚ್ಚಿಸಿದ ದೊಡ್ಡ ಪೋಸ್ಟರ್ ಇದೆ: ‘ದನಿಯಿಲ್ಲದವರಿಗೆ ದನಿ’. ಅದರ ಕೆಳಗೆ ಒಂದು ಭಾನುವಾರ ಬೆಳಿಗ್ಗೆ ಶೀತಲ್ ಕುಳಿತಳು. ಇಂಡಿಯ ಸ್ಟುಡಿಯೋದಲ್ಲಿ ಅಮರ ಕುಳಿತ. ಪೋಸ್ಟರ್ ಬರೆದವರು ಅದನ್ನು ನಂಬಿ ಬರೆದಿದ್ದರೆ, ಅವತ್ತು ಬಂದು ನೋಡಬೇಕಿತ್ತು.

ಇದಕ್ಕೆ ಕಾಕಾ ಸುಲಭವಾಗಿ ಒಪ್ಪಿರಲಿಲ್ಲ.

‘ಲಗ್ನಕ್ಕ ಮೊದಲ ಹುಡುಗ ಹುಡುಗಿ ಮಾತಾಡೂದಂದ್ರ ದೊಡ್ಡವರು ಬಾಜೂಕ ಇರಬೇಕು. ನಾ ಕುಂದರತೀನಿ. ಏನ್ ಮಾತಾಡತಾರ ಕೇಳತೀನಿ.’

‘ಏನ್ ಕೇಳತೀರಿ?’ ಅಂದಳು ಕಾಕು. ‘ಫ್ಯಾನಿನ ಸಪ್ಪಳಾನ?’

ಆದರೂ ಕಾಕಾ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುರ್ಚಿ ಎಳೆದುಕೊಂಡು, ಹಿರಿಯರಿಗೆ ತಕ್ಕ ಗಾಂಭೀರ್ಯದಿಂದ ಕಿವಿಯಾನಿಸಿ ಕುಳಿತರು. ಪರದೆಯ ಮೇಲೆ ಅಮರ ಮೊದಲು ಕಾಕಾಗೆ ಕೈಮುಗಿದ. ಆಮೇಲೆ ಶೀತಲಳ ಕಡೆ ತಿರುಗಿದ. ಇಬ್ಬರ ಕೈಗಳೂ ಎದ್ದವು. ಮೊದಮೊದಲು ತಡಬಡಿಸಿದರು. ಅವನ ‘ಊರು’ ಇವಳಿಗೆ ತಿಳಿಯದು, ಇವಳ ‘ನಾಳೆ’ ಅವನಿಗೆ ತಿಳಿಯದು. ಅವನು ಅಂಗೈಯನ್ನು ಗುಂಡಗೆ ಬಗ್ಗಿಸಿ ಗುಮ್ಮಟ ಮಾಡಿ ಬಿಜಾಪುರ ಎಂದ. ಅವಳು ತಲೆಯ ಮೇಲೆ ಬರಿಗೈಯಲ್ಲೇ ಪುಣೇರಿ ಪೇಟ ಸುತ್ತಿ ಪುಣೆ ಎಂದಳು. ಅವನು ಬಿದ್ದು ಬಿದ್ದು ನಕ್ಕ. ಒಬ್ಬರಿಗೊಬ್ಬರು ಕಲಿಸುತ್ತ ಹೋದರು. ಸ್ವಲ್ಪ ಹೊತ್ತಿಗೆ ಇಬ್ಬರ ವೇಗ ಎಷ್ಟಾಯಿತೆಂದರೆ ನಾನೇ ಹಿಂದೆ ಬಿದ್ದೆ.

ಕಾಕಾ ತಾಳಲಾರದೆ ಕೇಳಿದರು: ‘ರಂಜೂ, ಏನಂದಾ ಈಗ?’

‘ರೊಟ್ಟಿ ಬಡೀಲಿಕ್ಕೆ ಬರತದೇನು ಅಂತ ಕೇಳ್ಯಾನ ಕಾಕಾ.’

‘ಅದಕ್ಕ ಇಷ್ಟೊತ್ತು? ಇಕಿ ಏನಂದ್ಲು?’

‘ನನಗ ಬರತದ, ನಿನಗ ಬರತದೇನು ಅಂದ್ಲು.’

ಕಾಕಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಹಿರಿಯರೆಂಬುದು ನೆನಪಾಗಿ ಕೆಮ್ಮಿದರು. ಮುಂದಿನ ಭಾನುವಾರ ಮತ್ತೆ ಬಂದರು. ಅದರ ಮುಂದಿನ ವಾರ ಯಾರೂ ಹೇಳದಿದ್ದರೂ ತಾವೇ ಮೊದಲು ಹೊರಟು ನಿಂತರು. ಆಗಾಗ ಶೀತಲ್ ನನಗೆ ‘ಇದನ್ನು ಅಪ್ಪನಿಗೆ ಹೇಳಬೇಡ’ ಎಂದು ಸನ್ನೆ ಮಾಡುತ್ತಿದ್ದಳು. ನಾನು ಕಾಕಾಗೆ ಹವಾಮಾನದ ಬಗ್ಗೆ ಏನೋ ಹೇಳುತ್ತಿದ್ದೆ. ಒಂದು ವಾರ ಕಾಕಾ ನನ್ನ ಹವಾಮಾನಕ್ಕೆ ಕಾಯಲಿಲ್ಲ. ಅಮರ ಏನೋ ಅಂದದ್ದಕ್ಕೆ ನನಗಿಂತ ಮೊದಲೇ ನಕ್ಕುಬಿಟ್ಟರು. ಶೀತಲ್ ಬೆಚ್ಚಿ ತಂದೆಯ ಕಡೆ ತಿರುಗಿ ನೋಡಿದಳು. ನಿಮ್ಮ ಯೋಜನೆಯ ಫಲಾನುಭವಿಗಳ ಲೆಕ್ಕದಲ್ಲಿ ಫಕೀರಪ್ಪ ಎಂಬ ಹೆಸರಿಲ್ಲ. ಸೇರಿಸಿಕೊಳ್ಳಿ. ನಿಮ್ಮ ಹಣದಿಂದ ಒಬ್ಬ ತಂದೆ ಮಗಳ ಭಾಷೆ ಕಲಿಯತೊಡಗಿದ್ದರು.

ಹೀಗಿರುವಾಗ ಅಮರನ ತಾಯಿ ಫೋನು ಮಾಡಿದರು. ಮೊಬೈಲಿನ ಸ್ಪೀಕರ್ ಹಾಕಿಕೊಂಡು ಕಾಕಾ, ಕಾಕು, ಶಿವಪುತ್ರಪ್ಪನವರು ಸುತ್ತ ಕೂತಿದ್ದರು. ಶೀತಲ್ ಅಲ್ಲೇ ಯಂತ್ರದ ಮುಂದೆ ತೋಳು ಹೊಲಿಯುತ್ತಿದ್ದಳು. ಆ ತಾಯಿ ಒಳ್ಳೆಯ ದನಿಯಲ್ಲೇ ಹೇಳಿದರು:

‘ಒಂದ ಮಾತು ಮೊದಲ ಹೇಳಿಬಿಡತೀನ್ರಿ, ಆಮ್ಯಾಲ ತಕರಾರು ಬ್ಯಾಡ. ನಾಳೆ ಕೂಸು ಅಂತ ಆಗೂದ ಅದ. ದೇವರ ದಯಾದಿಂದ ಅದಕ್ಕ ಕಿವಿ ಕೇಳಿಸ್ತಂದ್ರ, ಅದನ್ನ ನಮ್ಮ ದೊಡ್ಡ ಸೊಸಿ ಹಂತ್ಯಾಕ ಬೆಳಸತೀವಿ. ಇವರಿಬ್ಬರ ಹಂತ್ಯಾಕ ಇದ್ರ ಕೂಸು ಮಾತ ಕಲಿಯೂದಿಲ್ಲಲ್ರಿ. ನೋಡಾಕ ಬಂದು ಹೋಗಲಿ, ಯಾರ ಬ್ಯಾಡಂತಾರ?’

ಶಿವಪುತ್ರಪ್ಪನವರು ‘ಖರೇ ಅದ, ಖರೇ ಅದ’ ಎಂದರು. ಕಾಕು ಸೆರಗಿನಿಂದ ಮುಖ ಒರೆಸಿಕೊಂಡಳು. ನಾಲ್ಕು ಜನ ಇದ್ದರಲ್ಲ, ನನಗೆ ಎಂದಿನಂತೆ ಬಾಯಿ ಬರಲಿಲ್ಲ. ಆದರೆ ಕೈ ಬಂತು. ಹೇಳಬೇಕಾದದ್ದನ್ನೆಲ್ಲ ಯಂತ್ರದ ಆಚೆ ನಿಂತು ಶೀತಲಳಿಗೆ ಹೇಳಿದೆ. ಅವಳು ಪೆಡಲಿನ ಮೇಲಿಂದ ಕಾಲು ತೆಗೆದಳು. ಮಾತು ಕಲಿಯುವುದಿಲ್ಲವೇ? ನನಗೆ ಮಾತು ಕಲಿಸಿದವಳು ಯಾರು ಎಂದು ಆ ಮೊಬೈಲಿಗೆ ಯಾರು ಹೇಳಬೇಕು?

ಆ ಭಾನುವಾರ ಅವಳು ಕೇಂದ್ರಕ್ಕೆ ಹೋದದ್ದು ಇದೊಂದನ್ನೇ ಕೇಳಲು. ಪುಣೆ, ಬಿಜಾಪುರ, ರೊಟ್ಟಿ ಯಾವುದೂ ಇರಲಿಲ್ಲ. ಕ್ಯಾಮೆರಾ ಹತ್ತಿದ ಕೂಡಲೆ ಕೇಳಿದಳು: ನಿನ್ನ ತಾಯಿ ಹೀಗೆ ಹೇಳಿದ್ದಾರೆ. ನಿನಗೆ ಗೊತ್ತೇ? ನೀನು ಒಪ್ಪಿದ್ದೀಯಾ? ಮಗು ನಮ್ಮ ಹತ್ತಿರ ಇರುತ್ತದೋ ಇಲ್ಲವೋ?

ಅಮರನ ಮುಖ ಬದಲಾಯಿತು. ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಮತ್ತೆ ಇವಳ ಕಡೆ ತಿರುಗಿ ಎರಡೂ ಕೈ ಎತ್ತಿದ.

ಇಲ್ಲಿ ನಿಮ್ಮ ತಪಾಸಣಾಧಿಕಾರಿ ಒಳಗೆ ಬಂದರು. ಭಾನುವಾರವೂ ಕರ್ತವ್ಯ ನಿರ್ವಹಿಸುವ ಅಧಿಕಾರಿ! ಅವರನ್ನು ನಾನು ಮೆಚ್ಚಬೇಕಿತ್ತು. ಅವರು ಖೋಲಿಯ ನಡುವೆ ನಿಂತು, ನೆಲದ ಮೇಲೆ ಬಿದ್ದಿದ್ದ ಹೆಡ್‌ಫೋನ್ ನೋಡಿದರು. ಯಾರೂ ಮುಟ್ಟದ ಕೀಬೋರ್ಡ್ ನೋಡಿದರು. ಪರದೆಯ ಮೇಲೆ ಒಬ್ಬ ಯುವಕನನ್ನು ನೋಡಿದರು. ಮರಾಠಿಯಲ್ಲಿ ಕೇಳಿದರು:

‘ಏನು ನಡೆದಿದೆ ಇಲ್ಲಿ?’

ಮುರುಗೆಪ್ಪನವರು ಎದ್ದು ನಿಂತು, ‘ಮಾತಾಡತಿದ್ದಾರೆ ಸಾಹೇಬ’ ಎಂದು ತಮ್ಮ ಬಿಜಾಪುರದ ಮರಾಠಿಯಲ್ಲಿ ಹೇಳಿದರು.

‘ಮಾತು? ಮತ್ತೆ ಆವಾಜ್ ಎಲ್ಲಿ?’

ಈ ವಾಕ್ಯವನ್ನು ನೀವು ನಿಮ್ಮ ಕಚೇರಿಯಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಬೇಕು ಎಂದು ನನ್ನ ವಿನಂತಿ. ನಾನು ಎದ್ದು ವಿವರಿಸಬೇಕಿತ್ತು. ಬಾಯಿ ತೆರೆದೆ, ಅರ್ಧ ವಾಕ್ಯ ಬಂತು. ಕಾಕಾ ‘ನಮ್ಮ ಹುಡುಗಿ, ನಮ್ಮ ಅಳಿಯ ಆಗಾಂವ’ ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದರು. ಅದು ಅಧಿಕಾರಿಗೆ ತಿಳಿಯಲಿಲ್ಲ. ಅವರು ಗೋಡೆಯ ಮೇಲಿನ ನಿಯಮಗಳ ಕಡೆ ಬೆರಳು ತೋರಿಸಿದರು. ಈ ಕೇಂದ್ರ ಇ-ಮೇಲ್, ಪರೀಕ್ಷೆಯ ಫಲಿತಾಂಶ, ಸರ್ಕಾರಿ ಅರ್ಜಿ, ಪೇಟೆ ಧಾರಣೆ, ರೈಲಿನ ವೇಳೆ ಇವಕ್ಕೆ ಮಾತ್ರ. ಚಾಟಿಂಗ್ ಮತ್ತು ಮನರಂಜನೆ ನಿಷಿದ್ಧ. ‘ಇದು ಚಾಟಿಂಗ್’ ಎಂದರು. ತಂತಿ ಕಿತ್ತರು. ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡರು. ಪರದೆಯ ಮೇಲೆ ಅಮರ ಇನ್ನೂ ಇದ್ದ. ಅವನಿಗೆ ನಾವು ಕಾಣುತ್ತಿರಲಿಲ್ಲ. ಎತ್ತಿದ ಕೈಗಳನ್ನು ಹಾಗೇ ಹಿಡಿದುಕೊಂಡು ಕತ್ತು ಮುಂದೆ ಚಾಚಿ ನಮ್ಮನ್ನು ಹುಡುಕುತ್ತಿದ್ದ. ಶೀತಲ್ ಪರದೆಗೆ ಅಂಗೈ ಹಚ್ಚಿದಳು. ಅಷ್ಟರಲ್ಲಿ ಅಧಿಕಾರಿಗಳು ಯಂತ್ರವನ್ನೇ ಆರಿಸಿದರು.

ವರದಿಯಲ್ಲಿ ‘ಯುವಕ-ಯುವತಿಯರಿಂದ ಕೇಂದ್ರದ ದುರುಪಯೋಗ’ ಎಂದು ಬರೆದರಂತೆ. ಮುರುಗೆಪ್ಪನವರಿಗೆ ಹೇಳಿದರು: ಇನ್ನೊಮ್ಮೆ ಹೀಗಾದರೆ ಅನುದಾನದ ಮುಂದಿನ ಕಂತು ನಿಲ್ಲುತ್ತದೆ. ಪಾಪ, ಅವರೇನು ಮಾಡಿಯಾರು? ಮಕ್ಕಳ ಫಲಿತಾಂಶಕ್ಕೆ ಬರುವವರಿದ್ದಾರೆ, ನೌಕರಿಯ ಅರ್ಜಿಗೆ ಬರುವವರಿದ್ದಾರೆ. ‘ತಂಗೀ, ನನ್ನ ಮ್ಯಾಲ ಸಿಟ್ಟಾಗಬ್ಯಾಡ’ ಎಂದು ಶೀತಲಳಿಗೆ ಕೈಮುಗಿದರು. ಅವಳು ಸಿಟ್ಟಾಗಲಿಲ್ಲ. ಮನೆಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ತೋಳು ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು.

ಮಾನ್ಯರೇ, ನನಗೆ ನಿಜವಾಗಿಯೂ ತಿಳಿಯಬೇಕಿದೆ. ನೀವು ಮನೆಯಿಂದ ಹೆಂಡತಿಗೆ, ಮಕ್ಕಳಿಗೆ ಫೋನು ಮಾಡುತ್ತೀರಲ್ಲ, ಅದು ಚಾಟಿಂಗೋ, ಪೇಟೆ ಧಾರಣೆಯೋ? ಕಾಕಾ ಮಾರ್ಕೆಟ್ ಯಾರ್ಡಿನಿಂದ ಕಾಕುಗೆ ‘ಊಟಕ್ಕ ತಡಾ ಆಗತದ’ ಎಂದು ಹೇಳಲು ಯಾವ ನಿಯಮಾವಳಿ ಬೇಕಾಯಿತು? ನಮಗೆಲ್ಲ ಎಂದೋ ಸಿಕ್ಕ ಟೆಲಿಫೋನು ಶೀತಲಳಿಗೆ ಈ ವರ್ಷ ಮೊದಲ ಸಲ ಸಿಕ್ಕಿತ್ತು. ಅವಳ ಟೆಲಿಫೋನಿಗೆ ಚಿತ್ರ ಬೇಕು, ಚಿತ್ರಕ್ಕೆ ವೇಗದ ಲೈನು ಬೇಕು. ಬ್ರಾಡ್‌ಬ್ಯಾಂಡ್ ಎಂದರೆ ಅವಳಿಗೆ ಅಷ್ಟೇ. ಇ-ಮೇಲನ್ನು ಹಳೆಯ ಕೊಂಯ್‌ಗುಡುವ ಡಯಲ್-ಅಪ್ ಕೂಡ ಒಯ್ಯುತ್ತಿತ್ತು. ಅದಕ್ಕೆ ಇಷ್ಟು ದೊಡ್ಡ ನಿಧಿ ಕಟ್ಟಬೇಕಿತ್ತೇ? ಅಗಲವಾದ ರಸ್ತೆ ಹಾಕಿಸಿ, ಅದರ ಮೇಲೆ ಸೈಕಲ್ಲಿಗೆ ಮಾತ್ರ ಪ್ರವೇಶ ಎಂದು ಫಲಕ ನೆಟ್ಟ ಹಾಗಾಯಿತು. ಆ ಫಲಕ ನೆಟ್ಟದ್ದು ಯಾಕೆ? ಬಡವರು, ಓಣಿಯವರು, ಅನುದಾನ ಪಡೆದವರು ಉಪಯುಕ್ತವಾದದ್ದನ್ನೇ ಮಾಡಬೇಕು, ನಗಬಾರದು, ಹರಟಬಾರದು ಎಂದೇ? ಎತ್ತರದ ಕಟ್ಟಡಗಳಲ್ಲಿ ಅದೇ ತಂತಿಯ ಮೇಲೆ ಜನ ಏನೇನು ನೋಡುತ್ತಾರೆಂದು ತಪಾಸಣೆಗೆ ಯಾರೂ ಹೋಗುವುದಿಲ್ಲ.

ನಿಮ್ಮ ಕಚೇರಿಗೂ ಬಂದಿದ್ದೆ. ನಾನು ಚಾಚಿದ ಅರ್ಜಿ ಓದಿ ಎರಡನೆಯ ಮಹಡಿಯ ಗುಮಾಸ್ತರು ಮೃದುವಾಗಿಯೇ ಮಾತಾಡಿದರು. ‘ಬರೆದು ಕೇಳಬಹುದಲ್ಲ ತಾಯಿ, ಇ-ಮೇಲ್ ಮಾಡಲಿ’ ಎಂದರು. ಶೀತಲ್ ಬರೆಯುವುದು ಮರಾಠಿ, ಅದೂ ತಡವರಿಸುತ್ತ. ಅಮರ ಬರೆಯುವುದು ಕನ್ನಡ. ಇವಳದನ್ನು ಅವನು ಓದಲಾರ, ಅವನದನ್ನು ಇವಳು ಓದಲಾರಳು. ಎರಡು ರಾಜ್ಯಗಳ ಎರಡು ಶಾಲೆಗಳು ಅವರಿಗೆ ಎರಡು ಲಿಪಿ ಕೊಟ್ಟವು. ಯಾವ ಶಾಲೆಯೂ ಕೊಡದ ಕೈಮಾತೊಂದೇ ಇಬ್ಬರಿಗೂ ಸಮಾನ. ಅಮರ ಬರೆದದ್ದನ್ನು ನಾನು ಓದಿ ಹೇಳಬಹುದು, ಸರಿ. ಅಲ್ಲಿ ಅದು ಇ-ಮೇಲ್ ಕಳಿಸಿಕೊಡುವ ಅವನ ಅಣ್ಣನ ಕೈ ದಾಟಿ ಬರುತ್ತದೆ, ಇಲ್ಲಿ ನನ್ನ ಕೈ ದಾಟುತ್ತದೆ. ಇಂಥ ಪ್ರಶ್ನೆಗೆ ಇಷ್ಟು ಕೈ ದಾಟಿ ಬಂದ ಉತ್ತರವನ್ನು ನೀವು ನಂಬುತ್ತಿದ್ದಿರಾ?

‘ಬಸ್ಸಿದೆಯಲ್ಲ, ಹೋಗಿ ಕೇಳಿ ಬರಲಿ’ ಎಂದೂ ಅವರು ಹೇಳಿದರು. ನಮ್ಮಲ್ಲಿ ನಿಶ್ಚಯಕ್ಕೆ ಮೊದಲು ಹುಡುಗಿ ಹುಡುಗನ ಊರಿಗೆ ಕಾಲಿಡುವುದಿಲ್ಲ. ಹುಡುಗ ಇನ್ನೊಮ್ಮೆ ಬರಬೇಕೆಂದರೆ ಅವನ ತಾಯಿಯ ಅಪ್ಪಣೆ ಬೇಕು. ಆ ಪ್ರಶ್ನೆ ಎದ್ದಿದೆ ಎಂದು ಗೊತ್ತಾದ ಮೇಲೆ ಆ ಅಪ್ಪಣೆ ಬಾಗಿಲು ಹಾಕಿಕೊಂಡಿದೆ. ಬಂದರೂ ಏನು? ಎಂಟು ಜನ ಸುತ್ತ ಕೂತು, ಕೈಗಳನ್ನು ಮತ್ತೆ ಮೊಣಕಾಲ ಮೇಲೆ ಇಡಿಸುತ್ತಾರೆ. ಈ ಸಂಪ್ರದಾಯ ಸರಿ ಎಂದು ನಾನು ವಾದಿಸುತ್ತಿಲ್ಲ. ಅದನ್ನು ಮುರಿಯದೆಯೇ ದಾಟುವ ಒಂದು ಕಿಂಡಿಯನ್ನು ನೀವೇ ಕೊಟ್ಟು ನೀವೇ ಮುಚ್ಚಿದಿರಿ ಎನ್ನುತ್ತಿದ್ದೇನೆ.

ಸೈಬರ್ ಕೆಫೆಗೂ ಹೋದೆವು. ಕಾಕಾಗೆ ಹೇಳದೆ. ಪ್ಲೈವುಡ್ಡಿನ ಗೂಡು, ಬಾಗಿಲಿಗೆ ಅರ್ಧಕ್ಕೆ ನೇತಾಡುವ ಬಟ್ಟೆ, ಪಕ್ಕದ ಗೂಡುಗಳಲ್ಲಿ ಗುಂಡು ಹಾರಿಸುವ ಆಟದ ಹುಡುಗರು. ಒಂದೇ ಲೈನನ್ನು ಎಲ್ಲರೂ ಹಂಚಿಕೊಂಡಿದ್ದರು. ಅಮರನ ಕೈ ಪರದೆಯ ಮೇಲೆ ಚೌಕ ಚೌಕವಾಗಿ ಒಡೆದು ನಿಂತಿತು. ಬೆರಳು ಯಾವುದು, ಗೋಡೆ ಯಾವುದು ತಿಳಿಯಲಿಲ್ಲ. ಹಿಂದಿನಿಂದ ಯಾರೋ ಇಣುಕಿ ಶೀತಲಳ ಕೈಗಳನ್ನು ಅಣಕಿಸಿದರು. ಅವಳಿಗೆ ಕೇಳಿಸದ ಮಾತನ್ನೂ ಆಡಿದರು. ನನಗೆ ಕೇಳಿಸಿತು. ಎದ್ದು ಬಂದೆವು.

ಹೋದ ವಾರ ಶಿವಪುತ್ರಪ್ಪನವರು ಮನೆಗೆ ಬಂದರು. ಕಾಲ ಮೇಲೆ ಕಾಲು ಹಾಕಿ ಕೂತು, ಎಲ್ಲ ಮುಗಿಯಿತು ಎಂಬ ದನಿಯಲ್ಲಿ ಹೇಳಿದರು:

‘ಫೋನ್ ಮಾಡಿ ಕೇಳೀನ್ರಿ ಫಕೀರಪ್ಪ. ಕೂಸಿನ ಮಾತಿಗೂ ಹುಡುಗ ಹೂಂ ಅಂದಾನಂತ. ಅವರವ್ವನ ಹೇಳಿದ್ರು. ಇನ್ನ ನಿಶ್ಚೇ ಮಾಡಿ ಉಡಿ ತುಂಬೂ ದಿನಾ ನೋಡೂಣು.’

ಕಾಕು ಒಲೆಯ ಮುಂದಿನಿಂದಲೇ ಕೇಳಿದಳು: ‘ಹೂಂ ಅಂದಾನ? ಯಾವಾಗಿಂದ ಬಾಯಿ ಬಂತರಿ ಅವಗ?’

‘ಅಲ್ರಿ ತಂಗಿ, ಹೂಂ ಅಂದ್ರ ಗೋಣು ಹಾಕಿರಬೇಕು...’

‘ನೀವು ನೋಡೀರೇನು ಗೋಣು ಹಾಕಿದ್ದು? ಫೋನಿನ್ಯಾಗ ಗೋಣು ಕಾಣತದೇನು?’

ಶಿವಪುತ್ರಪ್ಪನವರು ಕಾಕಾ ಕಡೆ ತಿರುಗಿದರು. ‘ನೀವ ಹೇಳ್ರಿ. ಇಂಥಾ ಹುಡುಗಿಗೆ ಇಂಥಾ ಮನಿ ಮತ್ತ ಸಿಗತದೇನು? ಅವರು ಬ್ಯಾರೆ ಕಡೆ ನೋಡಾಕ ಹತ್ತಿದ್ರ ಕುಂತು ಅಳಬೇಕಾಗತದ.’

ಕಾಕಾ ಮುಖ ಆಚೆ ತಿರುಗಿಸಿದರು. ಅವರು ದುರ್ಬಲರಲ್ಲ. ಆದರೆ ‘ಇಂಥಾ ಹುಡುಗಿ’ ಎಂಬ ಮಾತನ್ನು ಇಷ್ಟು ವರ್ಷ ಎಷ್ಟೋ ಬಾಯಿಂದ ಕೇಳಿ ಸವೆದಿದ್ದಾರೆ.

ನಾನು ಎಲ್ಲವನ್ನೂ ಶೀತಲಳಿಗೆ ಹೇಳುತ್ತಿದ್ದೆ. ಅವಳು ಎದ್ದು ಬಂದು ಎಲ್ಲರ ನಡುವೆ, ಶಿವಪುತ್ರಪ್ಪನವರ ಎದುರೇ ನಿಂತಳು. ಮಂದಿ ಮುಂದೆ ಕೈ ಆಡಿಸಿದಳು. ಓಡ್ನಿಯ ಚುಂಗನ್ನು ಉಡಿ ಒಡ್ಡುವ ಹಾಗೆ ಒಮ್ಮೆ ಹಿಡಿದು, ಕೂಡಲೆ ಅದನ್ನು ಬಿಗಿಯಾಗಿ ಸುತ್ತಿ ನಡುವಿಗೆ ಸಿಕ್ಕಿಸಿದಳು. ತನ್ನ ಕಣ್ಣು ಮುಟ್ಟಿದಳು. ತನ್ನ ಅಂಗೈ ತೋರಿಸಿ, ಗಾಳಿಯಲ್ಲಿ ಒಂದು ಗುಮ್ಮಟ ಮಾಡಿದಳು. ಆಮೇಲೆ ತೋಳಿನಲ್ಲಿ ಮಗುವನ್ನು ಎತ್ತಿಕೊಂಡವಳ ಹಾಗೆ ನಿಂತಳು.

‘ಏನಂತಾಳ?’ ಎಂದು ಶಿವಪುತ್ರಪ್ಪನವರು ನನ್ನನ್ನು ಕೇಳಿದರು.

ಕಾಕಾ ನಾನು ಹೇಳುವುದಕ್ಕೆ ಕಾಯಲಿಲ್ಲ. ‘ಅವನ ಕೈ ನನ್ನ ಕಣ್ಣಿಲೇ ನೋಡೂ ತನಕ ಉಡಿ ಒಡ್ಡೂದಿಲ್ಲ ಅಂತಾಳ. ಕೂಸು ನಂದು ಅಂತಾಳ’ ಎಂದರು. ಆಮೇಲೆ, ‘ದೀಪಾವಳಿ ತನಕ ವ್ಯಾಳ್ಯಾ ಕೇಳ್ರಿ ಅವರಿಗೆ’ ಎಂದರು. ಶಿವಪುತ್ರಪ್ಪನವರು ಕೇಳಿದರು. ಬೀಗರು ಒಪ್ಪಿದ್ದಾರೆ, ಅದರಾಚೆ ಒಂದು ದಿನವೂ ಇಲ್ಲ ಎಂದೂ ಹೇಳಿದ್ದಾರೆ.

ಈಗ ನನ್ನ ಬೇಡಿಕೆ. ನಿಯಮಾವಳಿ ಬದಲಿಸಲು ಸಮಿತಿ ಬೇಕು, ಸಮಿತಿಗೆ ಸಭೆ ಬೇಕು, ಸಭೆಗೆ ಕೋರಂ ಬೇಕು, ಗೊತ್ತಿದೆ. ಅದನ್ನು ಮಾಡಿ. ಯಾವುದಕ್ಕೆ ಬಳಸಬೇಕು ಎಂದು ಜನರಿಗೆ ಕಲಿಸುವ ಆ ಪಟ್ಟಿಯನ್ನು ಗೋಡೆಯಿಂದ ತೆಗೆಸಿ. ನಕಾಶೆಯ ಮೇಲೆ ಬಣ್ಣ ತುಂಬುವ ಮೊದಲು ಯಾರನ್ನಾದರೂ ನಮ್ಮ ಓಣಿಯ ಕೊನೆಯವರೆಗೆ ನಡೆದು ಬರಲು ಹೇಳಿ. ನಿಧಿಯಲ್ಲಿ ಹಣ ಖರ್ಚಾಗದೆ ಉಳಿದಿದೆ ಎಂದು ನೀವೇ ಹೇಳಿದ್ದನ್ನು ಪೇಪರಿನಲ್ಲಿ ಓದಿದೆ. ಕಂಬದಿಂದ ನೇತಾಡುವ ಆ ಸುರುಳಿಯನ್ನು ಬಿಚ್ಚಲು ಎಷ್ಟು ಬೇಕಾದೀತು? ಆದರೆ ಇವೆಲ್ಲ ದೀಪಾವಳಿಯೊಳಗೆ ಆಗುವುದಿಲ್ಲ. ಆದ್ದರಿಂದ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಅಧಿಕಾರಿ ಚೀಲದಲ್ಲಿ ಹಾಕಿಕೊಂಡು ಹೋದ ಆ ಕ್ಯಾಮೆರಾವನ್ನು ಹಿಂದಕ್ಕೆ ಕಳಿಸಿ. ಒಂದು ಭಾನುವಾರಕ್ಕೆ ಸಾಕು. ಅದೂ ಆಗದಿದ್ದರೆ, ನಿಮ್ಮ ಕಚೇರಿಯಲ್ಲಿ ದಿಲ್ಲಿಯವರ ಜೊತೆ ಮುಖ ನೋಡಿ ಮಾತಾಡುವ ಖೋಲಿ ಇದೆಯಂತಲ್ಲ, ಅಲ್ಲಿ ಅವಳಿಗೊಂದು ಕುರ್ಚಿ ಕೊಡಿ. ಬೇಕಾದರೆ ನೀವೂ ಕುಳಿತು ನೋಡಿ.

ಅಮರ ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ. ತಾಯಿ ಹೇಳಿದ್ದೇ ಸರಿ ಎನ್ನಬಹುದು. ಹಾಗಂದರೆ ಈ ಮದುವೆ ಆಗುವುದಿಲ್ಲ, ನಮ್ಮ ಮನೆಯಲ್ಲಿ ಕೆಲವು ದಿನ ಯಾರೂ ಸರಿಯಾಗಿ ಉಣ್ಣುವುದಿಲ್ಲ, ಅಷ್ಟೇ. ಆ ‘ಇಲ್ಲ’ವನ್ನೂ ಅವಳು ಅವನ ಕೈಯಿಂದಲೇ ನೋಡಲಿ. ಇಷ್ಟನ್ನು ಕೊಡಿಸುವುದು ನಿಮ್ಮ ಕೆಲಸ.

ಇಂತಿ,
ನಿಮ್ಮ ಎರಡನೆಯ ಮಹಡಿಯಲ್ಲಿ ಅರ್ಧ ಗಂಟೆ ನಿಂತರೂ ಇದರಲ್ಲಿ ಒಂದು ವಾಕ್ಯವನ್ನೂ ಬಾಯಿಬಿಟ್ಟು ಹೇಳಲಾಗದೆ ಮೆಟ್ಟಿಲಿಳಿದು ಬಂದ
ರಂಜನಾ
ಕೊಂಢವಾ, ಪುಣೆ
ಅಕ್ಟೋಬರ್ ೨೦೦೭